ಮನೆ ತ್ಯಾಗರಾಜನಗರದಲ್ಲಿ, ವಿಮಾನ ಜಕ್ಕೂರಿನಲ್ಲಿ: ಸ್ವಂತ ವಿಮಾನದ ಲೆಕ್ಕಾಚಾರ

ಬೆಂಗಳೂರು: ಕಾರು ಕೊಂಡವರು ಅದನ್ನು ಮನೆಯ ಮುಂದೆ ನಿಲ್ಲಿಸುತ್ತಾರೆ. ವಿಮಾನ ಕೊಂಡವರಿಗೆ ಆ ಸೌಲಭ್ಯವಿಲ್ಲ. ತ್ಯಾಗರಾಜನಗರದ ನಿವಾಸಿಯೊಬ್ಬರು ಪುಟ್ಟ ವಿಮಾನವೊಂದರ ಒಡೆಯರಾದರೆ, ಅದನ್ನು ನೋಡಲು ಬಸವನಗುಡಿ, ಮಾರುಕಟ್ಟೆ, ಮೇಖ್ರಿ ವೃತ್ತ, ಹೆಬ್ಬಾಳ ದಾಟಿ ಸುಮಾರು 20 ಕಿ.ಮೀ. ದೂರದ ಜಕ್ಕೂರಿಗೆ ಹೋಗಬೇಕು. ನಗರದ ದಕ್ಷಿಣ ತುದಿಯಿಂದ ಉತ್ತರ ತುದಿಗೆ ನಡೆಯುವ ಈ ಪಯಣವೇ ಸ್ವಂತ ವಿಮಾನದ ಮೊದಲ ಪಾಠ: ವಿಮಾನದ ಒಡೆತನದಲ್ಲಿ ಆಕಾಶದ ಪಾಲು ಕಡಿಮೆ, ನೆಲದ ಪಾಲೇ ಹೆಚ್ಚು.

ಖಾಸಗಿ ವಿಮಾನ ಎಂದೊಡನೆ ಉದ್ಯಮಿಗಳ ಜೆಟ್ ನೆನಪಾಗುವುದು ಸಹಜ. ಆದರೆ ಪ್ರಪಂಚದಲ್ಲಿ ಖಾಸಗಿಯವರು ಸ್ವತಃ ನಡೆಸುವ ವಿಮಾನಗಳಲ್ಲಿ ಬಹುಪಾಲು ಒಂದೇ ಎಂಜಿನ್ನಿನ, ಎರಡು ಅಥವಾ ನಾಲ್ಕು ಆಸನಗಳ, ಮೂತಿಗೆ ಪ್ರೊಪೆಲ್ಲರ್ ಇರುವ ಸಣ್ಣ ವಿಮಾನಗಳು. 1955ರಲ್ಲಿ ಮೊದಲು ಹಾರಿದ ಅಮೆರಿಕದ ಸೆಸ್ನಾ 172 ಇವುಗಳ ಪೈಕಿ ಅತ್ಯಂತ ಪ್ರಸಿದ್ಧ. ಈವರೆಗೆ 44 ಸಾವಿರಕ್ಕೂ ಹೆಚ್ಚು ಸೆಸ್ನಾ 172 ವಿಮಾನಗಳು ತಯಾರಾಗಿವೆ. ಇಂಥ ವಿಮಾನವನ್ನು ಕೊಳ್ಳುವುದು, ಕಾಪಾಡುವುದು ಮತ್ತು ಹಾರಿಸುವುದು ಹೇಗೆ ಎಂಬುದರ ಸ್ಥೂಲ ಚಿತ್ರಣ ಇಲ್ಲಿದೆ.

ಕನ್ನಡ ನಾಡಿನ ನಂಟು

ಭಾರತದ ನಾಗರಿಕ ವಿಮಾನಯಾನ ಆರಂಭವಾದದ್ದೇ ಒಂದು ಎಂಜಿನ್ನಿನ ವಿಮಾನದಿಂದ. 1929ರಲ್ಲಿ ಪೈಲಟ್ ಪರವಾನಗಿ ಪಡೆದ ಜೆ.ಆರ್.ಡಿ. ಟಾಟಾ 1932ರ ಅಕ್ಟೋಬರ್ 15ರಂದು ಪುಸ್ ಮಾತ್ ವಿಮಾನದಲ್ಲಿ ಕರಾಚಿಯಿಂದ ಮುಂಬಯಿಗೆ ಅಂಚೆ ತಂದರು. ಆ ಅಂಚೆಯನ್ನು ನೆವಿಲ್ ವಿನ್ಸೆಂಟ್ ಮದರಾಸಿಗೆ ಕೊಂಡೊಯ್ದ ದಾರಿಯಲ್ಲಿ ಇಳಿದಾಣವಾಗಿದ್ದ ಊರು ಬಳ್ಳಾರಿ.

1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನೊಡನೆ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಮುಂದೆ ಎಚ್‌ಎಎಲ್ ಆಯಿತು. ಡಾ. ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ವಿನ್ಯಾಸಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು. 1958ರಲ್ಲಿ ಬಂದದ್ದು ಎರಡು ಆಸನಗಳ, 90 ಅಶ್ವಶಕ್ತಿಯ ಪುಷ್ಪಕ್. ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಅದೆಷ್ಟೋ ಮಂದಿ ಮೊದಲ ಬಾರಿಗೆ ನೆಲ ಬಿಟ್ಟಿದ್ದು ಈ ಪುಷ್ಪಕದಲ್ಲಿ. 1990ರ ದಶಕದಲ್ಲಿ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು, ಅಂದರೆ ಎನ್‌ಎಎಲ್, ಸಂಯುಕ್ತ ವಸ್ತುಗಳಿಂದ ‘ಹಂಸ’ ವಿಮಾನವನ್ನು ರೂಪಿಸಿತು. ಅದರ ಹೊಸ ರೂಪ ಹಂಸ-ಎನ್‌ಜಿ 2021ರ ಸೆಪ್ಟೆಂಬರ್ 3ರಂದು ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಮೊದಲ ಬಾರಿ ಹಾರಿತು.

ಬಳ್ಳಾರಿ ರಸ್ತೆಯ ಪಕ್ಕದ ಜಕ್ಕೂರು ವಿಮಾನ ತಾಣ ಈ ಪರಂಪರೆಯ ಇನ್ನೊಂದು ಕೊಂಡಿ. ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇಲ್ಲಿ 1949ರಿಂದ ಇದೆ. ನಗರದ ಸಣ್ಣ ವಿಮಾನಗಳ ಪಾಲಿಗೆ ಜಕ್ಕೂರೇ ತವರು.

ಮೊದಲು ಪರವಾನಗಿ

ವಿಮಾನ ಕೊಳ್ಳಲು ಪೈಲಟ್ ಆಗಿರಬೇಕೆಂಬ ನಿಯಮವಿಲ್ಲ; ಆದರೆ ಹಾರಿಸಲು ಪರವಾನಗಿ ಬೇಕು. ಸ್ವಂತ ಸಂತೋಷಕ್ಕೆ ಹಾರುವವರಿಗೆ ಖಾಸಗಿ ಪೈಲಟ್ ಪರವಾನಗಿ, ಅಂದರೆ ಪಿಪಿಎಲ್ ಸಾಕು. ಇದನ್ನು ನೀಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ಜನರ ಬಾಯಲ್ಲಿ ಡಿಜಿಸಿಎ.

ವಿದ್ಯಾರ್ಥಿ ಪರವಾನಗಿಗೆ ಕನಿಷ್ಠ 16, ಪಿಪಿಎಲ್‌ಗೆ 17 ವರ್ಷ ತುಂಬಿರಬೇಕು. ಹತ್ತನೆಯ ತರಗತಿ ಉತ್ತೀರ್ಣರಾಗಿರಬೇಕು. ಡಿಜಿಸಿಎ ಮಾನ್ಯತೆಯ ವೈದ್ಯರಿಂದ ದೇಹಾರೋಗ್ಯದ ಪ್ರಮಾಣಪತ್ರ ಪಡೆಯಬೇಕು. ವಾಯುಯಾನ ನಿಯಮಗಳು, ದಿಕ್ಕು-ದಾರಿಯ ಶಾಸ್ತ್ರ, ಹವಾಮಾನ, ವಿಮಾನ ಮತ್ತು ಎಂಜಿನ್ನಿನ ಕುರಿತ ಪರೀಕ್ಷೆಗಳಿರುತ್ತವೆ. ಹಾರಾಟದ ಅನುಭವ ಕನಿಷ್ಠ 40 ಗಂಟೆ. ಅದರಲ್ಲಿ 20 ಗಂಟೆ ಒಬ್ಬರೇ ಹಾರಿರಬೇಕು. ಒಮ್ಮೆಯಾದರೂ 150 ನಾಟಿಕಲ್ ಮೈಲಿ, ಅಂದರೆ ಸುಮಾರು 278 ಕಿ.ಮೀ. ಹಾರಿ, ನಡುವೆ ಬೇರೆ ಎರಡು ತಾಣಗಳಲ್ಲಿ ಇಳಿದು ನಿಂತಿರಬೇಕು. ರೇಡಿಯೋದಲ್ಲಿ ಮಾತನಾಡುವುದಕ್ಕೂ ಪ್ರತ್ಯೇಕ ಅರ್ಹತೆ ಬೇಕು.

ಪಿಪಿಎಲ್ ಹೊಂದಿದವರು ಸಂಬಳಕ್ಕಾಗಲಿ ಬಾಡಿಗೆಗಾಗಲಿ ವಿಮಾನ ಹಾರಿಸುವಂತಿಲ್ಲ. ಖಾಸಗಿ ವರ್ಗದಲ್ಲಿ ನೋಂದಣಿಯಾದ ವಿಮಾನವನ್ನು ಬಾಡಿಗೆಗೆ ಕೊಟ್ಟು ಖರ್ಚು ತೂಗಿಸಿಕೊಳ್ಳುವ ಯೋಚನೆಗೂ ಕಾನೂನಿನಲ್ಲಿ ಎಡೆಯಿಲ್ಲ. 1934ರ ವಿಮಾನ ಕಾಯ್ದೆಯ ಸ್ಥಾನದಲ್ಲಿ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಜಾರಿಗೆ ಬಂದಿದ್ದರೂ ಈ ಮೂಲ ಭೇದ ಹಾಗೆಯೇ ಉಳಿದಿದೆ.

ಕೊಳ್ಳುವುದು, ಹೆಸರಿಡುವುದು

ಸಣ್ಣ ವಿಮಾನಗಳು ಬಹುತೇಕ ವಿದೇಶದಿಂದ ಬರಬೇಕು. ಆಮದಿಗೆ ಮುಂಚಿತವಾಗಿ ಅನುಮತಿ ಪಡೆಯಬೇಕು. ಹಳೆಯ ವಿಮಾನವಾದರೆ ಅದರ ವಯಸ್ಸು ಮತ್ತು ಚರಿತ್ರೆಯ ಪರಿಶೀಲನೆ ನಡೆಯುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಬಳಕೆಯ ವಿಮಾನದ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 40ಕ್ಕೆ ಏರಿದೆ. ಬೆಲೆಪಟ್ಟಿ ನೋಡಿ ಹಣ ಹೊಂದಿಸಿಕೊಂಡವರು ಮತ್ತೊಮ್ಮೆ ಕೂಡಿಸಿ ನೋಡುವುದು ಲೇಸು.

ಭಾರತದ ವಿಮಾನಗಳ ನೋಂದಣಿ ಸಂಖ್ಯೆ ‘ವಿಟಿ’ ಎಂಬ ಅಕ್ಷರಗಳಿಂದ ಆರಂಭವಾಗಿ, ಒಂದು ಗೆರೆಯ ನಂತರ ಮೂರು ಅಕ್ಷರಗಳನ್ನು ಹೊಂದಿರುತ್ತದೆ. ನೋಂದಣಿ ಪತ್ರ ಒಡೆತನಕ್ಕೆ ಸಾಕ್ಷಿ. ಹಾರಲು ಯೋಗ್ಯ ಎಂಬುದಕ್ಕೆ ವಾಯುಯೋಗ್ಯತಾ ಪ್ರಮಾಣಪತ್ರ ಬೇರೆ. ಆ ಯೋಗ್ಯತೆ ಇನ್ನೂ ಉಳಿದಿದೆ ಎಂದು ವರ್ಷಕ್ಕೊಮ್ಮೆ ಪರಿಶೀಲಿಸಿ ಪತ್ರ ಪಡೆಯಬೇಕು. ವಿಮೆ, ರೇಡಿಯೋ ಪರವಾನಗಿ, ತೂಕದ ಪಟ್ಟಿ, ಲಾಗ್‌ಪುಸ್ತಕಗಳು ಇದರ ಜೊತೆಗೆ. ಹಳೆಯ ವಿಮಾನ ಕೊಳ್ಳುವವರು ಬಣ್ಣ ನೋಡುವ ಮೊದಲು ಲಾಗ್‌ಪುಸ್ತಕ ನೋಡಬೇಕು. ವಿಮಾನ, ಎಂಜಿನ್, ಪ್ರೊಪೆಲ್ಲರ್ ಮೂರಕ್ಕೂ ಪ್ರತ್ಯೇಕ ದಾಖಲೆಯಿರುತ್ತದೆ. ಅದರಲ್ಲಿ ಪುಟಗಳು ಕಾಣೆಯಾಗಿದ್ದರೆ ವಿಮಾನದ ಬೆಲೆ ಅಲ್ಲಿಗೇ ಕುಸಿಯುತ್ತದೆ.

ಹಾರದ ವಿಮಾನವೇ ಬೇಗ ಮುದಿಯಾಗುತ್ತದೆ

ವಿಮಾನದ ಖರ್ಚಿನಲ್ಲಿ ಎರಡು ಬಗೆ. ಹ್ಯಾಂಗರ್ ಬಾಡಿಗೆ, ವಿಮೆ, ವಾರ್ಷಿಕ ತಪಾಸಣೆ, ಕಾಗದಪತ್ರಗಳ ಶುಲ್ಕ ಇವು ಹಾರಿದರೂ ಹಾರದಿದ್ದರೂ ತಪ್ಪುವುದಿಲ್ಲ. ಇಂಧನ, ಎಂಜಿನ್ ಆಯಿಲ್, ಟೈರು, ಇಳಿದಾಣದ ಶುಲ್ಕಗಳು ಹಾರಿದಷ್ಟೂ ಬೆಳೆಯುತ್ತವೆ. ಸೆಸ್ನಾ 172 ಗಂಟೆಗೆ ಸುಮಾರು 34 ಲೀಟರ್ ಇಂಧನ ಕುಡಿಯುತ್ತದೆ. ಅದು ಬಂಕ್‌ನಲ್ಲಿ ಸಿಗುವ ಪೆಟ್ರೋಲ್ ಅಲ್ಲ. ‘ಆವ್‌ಗ್ಯಾಸ್ 100 ಎಲ್‌ಎಲ್’ ಎಂಬ ನೀಲಿ ಬಣ್ಣದ ವಿಮಾನ ಪೆಟ್ರೋಲ್. ಬಹುಕಾಲ ಆಮದನ್ನೇ ನೆಚ್ಚಿದ್ದ ಭಾರತದಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ವಡೋದರದ ಗುಜರಾತ್ ಶುದ್ಧೀಕರಣಾಗಾರದಲ್ಲಿ ತಯಾರಿಸಿದ ಆವ್‌ಗ್ಯಾಸನ್ನು 2022ರ ಸೆಪ್ಟೆಂಬರಿನಲ್ಲಿ ಬಿಡುಗಡೆ ಮಾಡಿತು.

ಇವೆರಡರ ನಡುವೆ ಅನೇಕರು ಮರೆಯುವ ಮೂರನೆಯ ಖರ್ಚೊಂದಿದೆ: ಎಂಜಿನ್ನಿನ ಪೂರ್ಣ ದುರಸ್ತಿ. ಸೆಸ್ನಾ 172ರಲ್ಲಿ ಬಳಸುವ ಲೈಕಮಿಂಗ್ ಎಂಜಿನ್ನನ್ನು 2,000 ಗಂಟೆಗಳ ಹಾರಾಟದ ನಂತರ ಅಥವಾ 12 ವರ್ಷಗಳ ನಂತರ, ಯಾವುದು ಮೊದಲೋ ಆಗ ಪೂರ್ತಿ ಬಿಚ್ಚಿ ಹೊಸದಾಗಿ ಜೋಡಿಸಬೇಕೆಂಬುದು ತಯಾರಕರ ಶಿಫಾರಸು. ಲೆಕ್ಕ ಇರುವುದು ಇಲ್ಲಿಯೇ. ವರ್ಷಕ್ಕೆ 50 ಗಂಟೆ ಹಾರುವ ಒಡೆಯರು 12 ವರ್ಷಗಳಲ್ಲಿ ಹಾರುವುದು ಕೇವಲ 600 ಗಂಟೆ. ಉಳಿದ 1,400 ಗಂಟೆಗಳ ಆಯುಷ್ಯ ಹ್ಯಾಂಗರಿನಲ್ಲಿ ನಿಂತೇ ಕಳೆದುಹೋಗುತ್ತದೆ. ಅದೇ ವಿಮಾನವನ್ನು ನಾಲ್ವರು ಸೇರಿ ಇಟ್ಟುಕೊಂಡು, ತಲಾ 50 ಗಂಟೆ ಹಾರಿದರೆ ಹತ್ತು ವರ್ಷಕ್ಕೆ 2,000 ಗಂಟೆ ತುಂಬುತ್ತದೆ. ಪ್ರತಿಯೊಬ್ಬರ ಪಾಲಿನ ಸ್ಥಿರ ಖರ್ಚು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಇದು ಹಣದ ಮಾತಷ್ಟೇ ಅಲ್ಲ. ಈ ಬಗೆಯ ಎಂಜಿನ್ನಿನಲ್ಲಿ ಕವಾಟಗಳನ್ನು ನಡೆಸುವ ಕ್ಯಾಮ್‌ಶಾಫ್ಟ್ ಮೇಲ್ಭಾಗದಲ್ಲಿರುತ್ತದೆ. ವಾರಗಟ್ಟಲೆ ನಿಂತರೆ ಅದರ ಮೇಲಿನ ಆಯಿಲ್ ಇಳಿದುಹೋಗಿ, ತೇವಾಂಶದಿಂದ ತುಕ್ಕು ಹಿಡಿಯುತ್ತದೆ. ಮತ್ತೆ ಚಾಲನೆ ಮಾಡಿದಾಗ ಆ ತುಕ್ಕಿನ ಕಣಗಳು ಲೋಹವನ್ನು ಸವೆಸುತ್ತವೆ. ನೆಲದ ಮೇಲೆಯೇ ಎಂಜಿನ್ ಚಾಲೂ ಮಾಡಿ ಹತ್ತು ನಿಮಿಷ ಬಿಟ್ಟರೆ ಸಾಲದು. ಆಯಿಲ್ ಸಾಕಷ್ಟು ಬಿಸಿಯಾಗದೆ, ಒಳಗೆ ಸೇರಿದ ನೀರಿನಂಶ ಆವಿಯಾಗುವುದಿಲ್ಲ. ಎಂಜಿನ್ನಿಗೆ ಬೇಕಾದದ್ದು ನಿಯಮಿತ ಹಾರಾಟ. ಪೈಲಟ್‌ಗೂ ಬೇಕಾದದ್ದು ಅದೇ. ಮೂರು ತಿಂಗಳಿಗೊಮ್ಮೆ ಹಾರುವವರ ಕೈಗೂ ತುಕ್ಕು ಹಿಡಿಯುತ್ತದೆ.

ಬಿಚ್ಚುವ ಕೈ, ಸಹಿ ಹಾಕುವ ಕೈ

ಕಾರಿನಂತೆ ವಿಮಾನವನ್ನು ಪರಿಚಯದ ಮೆಕ್ಯಾನಿಕ್‌ಗೆ ಒಪ್ಪಿಸುವಂತಿಲ್ಲ. ಡಿಜಿಸಿಎ ಪರವಾನಗಿ ಪಡೆದ ವಿಮಾನ ನಿರ್ವಹಣಾ ಎಂಜಿನಿಯರ್ ಕೆಲಸ ಪರಿಶೀಲಿಸಿ, ಲಾಗ್‌ಪುಸ್ತಕದಲ್ಲಿ ಸಹಿ ಮಾಡಿದ ಬಳಿಕವೇ ವಿಮಾನ ಸೇವೆಗೆ ಮರಳುತ್ತದೆ. ಸಾಮಾನ್ಯವಾಗಿ 50 ಗಂಟೆಗೊಮ್ಮೆ ಆಯಿಲ್ ಬದಲಾವಣೆ, 100 ಗಂಟೆಗೊಮ್ಮೆ ವಿಸ್ತೃತ ತಪಾಸಣೆ, ವರ್ಷಕ್ಕೊಮ್ಮೆ ಸಮಗ್ರ ತಪಾಸಣೆ ಇರುತ್ತದೆ. ತೆಗೆದ ಆಯಿಲ್ ಫಿಲ್ಟರನ್ನು ಕತ್ತರಿಸಿ ಲೋಹದ ಚೂರುಗಳಿವೆಯೇ ಎಂದು ನೋಡುತ್ತಾರೆ. ಪ್ರತಿ ಸಿಲಿಂಡರಿನ ಒತ್ತಡ ಅಳೆಯುತ್ತಾರೆ. ರೆಕ್ಕೆ, ಬಾಲಗಳನ್ನು ನಿಯಂತ್ರಿಸುವ ಉಕ್ಕಿನ ತಂತಿಗಳ ಎಳೆ ಎಳೆಯನ್ನೂ ಪರಿಶೀಲಿಸುತ್ತಾರೆ. ಒಂದು ಮಾದರಿಯಲ್ಲಿ ಪ್ರಪಂಚದ ಎಲ್ಲೇ ದೋಷ ಕಂಡುಬಂದು ಕಡ್ಡಾಯ ಸೂಚನೆ ಹೊರಟರೂ ಅದನ್ನು ಇಲ್ಲಿನ ವಿಮಾನದಲ್ಲಿಯೂ ಸರಿಪಡಿಸಬೇಕು.

ಎಂಜಿನ್ ಒಂದೇ ಆದರೂ ಅದರೊಳಗೆ ಜೋಡಿ ವ್ಯವಸ್ಥೆಗಳಿವೆ. ಪ್ರತಿ ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್, ಅವುಗಳಿಗೆ ಕಿಡಿ ಒದಗಿಸಲು ಎರಡು ಮ್ಯಾಗ್ನೆಟೊ. ಬ್ಯಾಟರಿ ಪೂರ್ತಿ ಸತ್ತರೂ ಹಾರುತ್ತಿರುವ ಎಂಜಿನ್ ನಿಲ್ಲದು. ಟೇಕಾಫ್‌ಗೆ ಮುನ್ನ ಪೈಲಟ್ ಒಂದೊಂದೇ ಮ್ಯಾಗ್ನೆಟೊವನ್ನು ಆರಿಸಿ, ಇನ್ನೊಂದರ ಮೇಲೆ ಎಂಜಿನ್ ಹೇಗೆ ನಡೆಯುತ್ತದೆ ಎಂದು ಪರೀಕ್ಷಿಸುವುದು ಇದೇ ಕಾರಣಕ್ಕೆ.

ಹಾರುವ ಮುನ್ನದ ಒಂದು ಗಂಟೆ

ಎಂಜಿನಿಯರ್ ಸಹಿ ಇದ್ದರೂ ಪ್ರತಿ ಹಾರಾಟಕ್ಕೆ ಮೊದಲು ಪೈಲಟ್ ವಿಮಾನವನ್ನು ಪ್ರದಕ್ಷಿಣೆ ಹಾಕಿ ನೋಡಲೇಬೇಕು. ಟ್ಯಾಂಕಿನ ತಳದಿಂದ ಪುಟ್ಟ ಗಾಜಿನ ಲೋಟಕ್ಕೆ ಇಂಧನ ಇಳಿಸಿ, ಬೆಳಕಿಗೆ ಹಿಡಿಯಬೇಕು. ನೀರು ಸೇರಿದ್ದರೆ ಅದು ನೀಲಿ ಪೆಟ್ರೋಲಿನ ಕೆಳಗೆ ಬಣ್ಣವಿಲ್ಲದ ಗುಳ್ಳೆಯಾಗಿ ಕೂರುತ್ತದೆ. ವೇಗ ಅಳೆಯುವ ಪೀಟೊ ಕೊಳವೆಯಲ್ಲಿ ಕಣಜ ಗೂಡು ಕಟ್ಟಿಲ್ಲವೆಂದು, ಎಂಜಿನ್ ಕವಚದೊಳಗೆ ಹಕ್ಕಿ ಕಡ್ಡಿ ತುರುಕಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಆನಂತರ ತೂಕ. ಸೆಸ್ನಾ 172ರ ಆಸನ ನಾಲ್ಕು ಎಂದ ಮಾತ್ರಕ್ಕೆ ನಾಲ್ವರು ಕೂರಬಹುದೆಂದಲ್ಲ. ಹೊಸ ಮಾದರಿ ಹೊರಬಲ್ಲ ಒಟ್ಟು ಭಾರ ಸುಮಾರು 400 ಕೆ.ಜಿ. ಟ್ಯಾಂಕ್ ತುಂಬಿಸಿದರೆ 200 ಲೀಟರ್ ಇಂಧನವೇ ಸುಮಾರು 144 ಕೆ.ಜಿ. ತೂಗುತ್ತದೆ. ಉಳಿದ 256 ಕೆ.ಜಿ.ಯಲ್ಲಿ 75 ಕೆ.ಜಿ. ತೂಕದ ಮೂವರು ಮತ್ತು ಎರಡು ಚೀಲ ಹಿಡಿಯುತ್ತವೆ. ನಾಲ್ಕನೆಯವರು ಬರಬೇಕಾದರೆ ಇಂಧನ ಇಳಿಸಬೇಕು.

ಬಳಿಕ ಹವಾಮಾನ ವರದಿ, ಹಾರಾಟ ಯೋಜನೆ, ಮಾರ್ಗದ ಸೂಚನೆಗಳು. ತಾಣದ ಸುತ್ತಮುತ್ತಲ ಹಾರಾಟ ಬಿಟ್ಟು ಬೇರೆ ಊರಿಗೆ ಹೊರಟರೆ ಎಡಿಸಿ ಎಂಬ ವಾಯು ರಕ್ಷಣಾ ಅನುಮತಿ ಸಂಖ್ಯೆ ಪಡೆಯಬೇಕು. ಜಕ್ಕೂರಿನ ಒಂದು ಬದಿಗೆ ಯಲಹಂಕ ವಾಯುಪಡೆ ನೆಲೆ, ಇನ್ನೊಂದು ಬದಿಗೆ 2008ರಿಂದ ನಡೆಯುತ್ತಿರುವ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ. ನಿಯಂತ್ರಣ ಗೋಪುರದ ಮಾತು ಮೀರಿ ಇಲ್ಲಿ ಒಂದು ತಿರುವು ತೆಗೆದುಕೊಳ್ಳಲೂ ಆಗದು. ಕಣ್ಣಳತೆಯಲ್ಲಿ ಹಾರುವ ಪೈಲಟ್‌ಗೆ ಹಗಲು ಬೆಳಕು ಬೇಕು, ಮೋಡದಿಂದ ಅಂತರ ಬೇಕು, ಸಾಮಾನ್ಯವಾಗಿ ಐದು ಕಿ.ಮೀ. ದೂರ ಸ್ಪಷ್ಟವಾಗಿ ಕಾಣಬೇಕು. ಡಿಸೆಂಬರಿನ ಮಂಜು ಮುಸುಕಿದ ಬೆಂಗಳೂರಿನ ಬೆಳಗಿನಲ್ಲಿ ಕಾಯುವುದೇ ಪೈಲಟ್‌ನ ಕೆಲಸ.

ಮುಳ್ಳಯ್ಯನಗಿರಿಯಷ್ಟು ಎತ್ತರದಲ್ಲೊಂದು ಟೇಕಾಫ್

ಬೆಂಗಳೂರಿನ ತಂಪು ಹವೆಗೆ ಕಾರಣವಾದ ಎತ್ತರವೇ ಸಣ್ಣ ವಿಮಾನಕ್ಕೆ ತೊಡಕು. ಜಕ್ಕೂರು ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗುತ್ತದೆ. ಬಿಸಿಲು ಏರಿದಂತೆ ಇನ್ನಷ್ಟು ತೆಳುವಾಗುತ್ತದೆ. 3,000 ಅಡಿಯಲ್ಲಿ ಪ್ರಮಾಣಿತ ಉಷ್ಣಾಂಶ 9 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಹೆಚ್ಚಾದ ಪ್ರತಿ ಡಿಗ್ರಿಗೆ ಸುಮಾರು 120 ಅಡಿ ಸೇರಿಸಿಕೊಳ್ಳಬೇಕು. ಏಪ್ರಿಲ್ ಮಧ್ಯಾಹ್ನ ಉಷ್ಣಾಂಶ 34 ಡಿಗ್ರಿ ಇದ್ದರೆ ಹೆಚ್ಚಳ 25 ಡಿಗ್ರಿ. ಸೇರಿಸಬೇಕಾದದ್ದು 3,000 ಅಡಿ. ಅಂದರೆ ಎಂಜಿನ್, ಪ್ರೊಪೆಲ್ಲರ್ ಮತ್ತು ರೆಕ್ಕೆಗಳ ಪಾಲಿಗೆ ಆ ಹೊತ್ತಿನ ಜಕ್ಕೂರು 6,000 ಅಡಿ ಎತ್ತರದಲ್ಲಿದೆ. ಕರ್ನಾಟಕದ ಅತ್ಯುನ್ನತ ಶಿಖರ ಮುಳ್ಳಯ್ಯನಗಿರಿಯ ಎತ್ತರ ಸುಮಾರು 6,330 ಅಡಿ.

ಪರಿಣಾಮ ಸ್ಪಷ್ಟ. ಸಾಮಾನ್ಯ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. 180 ಅಶ್ವಶಕ್ತಿಯ ಎಂಜಿನ್ ಆಗ ಕೊಡುವುದು 150ರ ಆಸುಪಾಸು. ಸಮುದ್ರ ಮಟ್ಟದಲ್ಲಿ ಪೂರ್ಣ ತೂಕದ ಸೆಸ್ನಾ 172 ಓಡಿ, ಎದ್ದು, 50 ಅಡಿ ಎತ್ತರ ತಲುಪಲು ಸುಮಾರು 500 ಮೀಟರ್ ಸಾಕು. ಇಲ್ಲಿ ಅದು ಒಂದೂವರೆ ಪಟ್ಟಾಗುತ್ತದೆ. ರನ್‌ವೇಯ ಕೊನೆಗೆ ಮರವೋ ಕಟ್ಟಡವೋ ಮೇಲ್ಸೇತುವೆಯೋ ಇದ್ದರೆ ಈ ಅಂತರ ಜೀವನ್ಮರಣದ ಲೆಕ್ಕ. ಬಳ್ಳಾರಿ ರಸ್ತೆಯ ಎತ್ತರಿಸಿದ ಹೆದ್ದಾರಿ ಬಂದಾಗ ಜಕ್ಕೂರಿನ ರನ್‌ವೇ ಚರ್ಚೆಗೆ ಬಂದದ್ದು ಈ ಕಾರಣಕ್ಕೇ. ಬಲ್ಲ ಪೈಲಟ್‌ಗಳು ಬೆಳಗಿನ ತಂಪಿನಲ್ಲಿ, ಕಡಿಮೆ ಭಾರದಲ್ಲಿ ಹೊರಡುತ್ತಾರೆ.

ಮರೆಯಲಾಗದ ಏಪ್ರಿಲ್ 17

ಜಕ್ಕೂರು ಎಂದರೆ ಕನ್ನಡಿಗರಿಗೆ ನೆನಪಾಗುವುದು 2004ರ ಏಪ್ರಿಲ್ 17. ಚುನಾವಣಾ ಪ್ರಚಾರಕ್ಕಾಗಿ ಕರೀಂನಗರಕ್ಕೆ ಹೊರಟಿದ್ದ ನಟಿ ಸೌಂದರ್ಯ ಅವರಿದ್ದ ಒಂದು ಎಂಜಿನ್ನಿನ ಸೆಸ್ನಾ 180 ವಿಮಾನ, ನೆಲ ಬಿಟ್ಟ ಕೆಲವೇ ಕ್ಷಣಗಳಲ್ಲಿ ಸಮೀಪದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ ಬಿದ್ದಿತು. ಸೌಂದರ್ಯ, ಅವರ ಸೋದರ ಅಮರನಾಥ್ ಮತ್ತು ಪೈಲಟ್ ಸೇರಿ ನಾಲ್ವರೂ ಅಸುನೀಗಿದರು.

ನೆಲ ಬಿಟ್ಟ ಮೊದಲ ನಿಮಿಷದಲ್ಲಿ ಏನೇ ಸಂಭವಿಸಿದರೂ ಸರಿಪಡಿಸಲು ಎತ್ತರವೂ ಇಲ್ಲ, ಸಮಯವೂ ಇಲ್ಲ. ಎತ್ತರದಲ್ಲಿ ಎಂಜಿನ್ ನಿಂತರೆ ಸಣ್ಣ ವಿಮಾನ ಕಲ್ಲಿನಂತೆ ಬೀಳುವುದಿಲ್ಲ. ಸೆಸ್ನಾ 172 ಒಂದು ಅಡಿ ಇಳಿಯುವಷ್ಟರಲ್ಲಿ ಸುಮಾರು ಒಂಬತ್ತು ಅಡಿ ಮುಂದಕ್ಕೆ ತೇಲುತ್ತದೆ. ಸಾವಿರ ಅಡಿ ಎತ್ತರವಿದ್ದರೆ ಎರಡೂವರೆ ಕಿ.ಮೀ.ಗೂ ಹೆಚ್ಚು ದೂರ. ಆದರೆ ಇನ್ನೂರು ಮುನ್ನೂರು ಅಡಿಯಲ್ಲಿದ್ದಾಗ ರನ್‌ವೇಗೆ ಹಿಂದಿರುಗುವ ಆಸೆಯಿಂದ ತಿರುಗಿಸಿದರೆ ವೇಗ ಕುಂದಿ ವಿಮಾನ ಕೈತಪ್ಪಬಹುದು. ಎದುರಿಗೆ ಸಿಕ್ಕ ಬಯಲಿನಲ್ಲೇ ಇಳಿಸು ಎಂಬುದು ಪ್ರಪಂಚದ ಎಲ್ಲ ಶಾಲೆಗಳೂ ಮೊದಲು ಕಲಿಸುವ ಪಾಠ. ಆದರೆ ಬೆಂಗಳೂರಿನ ಉತ್ತರದಲ್ಲಿ ಹೊಲವಿದ್ದಲ್ಲೆಲ್ಲ ಬಡಾವಣೆ ಎದ್ದಿದೆ. ಎದುರಿಗೆ ಬಯಲು ಉಳಿದಿದೆಯೇ ಎಂಬುದನ್ನು ಎಂಜಿನ್ ಚಾಲೂ ಮಾಡುವ ಮೊದಲೇ ಯೋಚಿಸಿಟ್ಟುಕೊಳ್ಳುವುದು ಪೈಲಟ್‌ನ ಹೊಣೆ.

ಮೈಸೂರಿಗೆ ಯಾವುದು ಬೇಗ?

ವಿಮಾನದಿಂದ ಸಮಯ ಉಳಿಯುತ್ತದೆಯೇ? ಜಕ್ಕೂರಿನಿಂದ ಮೈಸೂರಿನ ಮಂಡಕಳ್ಳಿಗೆ ನೇರ ದೂರ ಸುಮಾರು 140 ಕಿ.ಮೀ. ಸೆಸ್ನಾ 172ಕ್ಕೆ ಅದು 40 ರಿಂದ 45 ನಿಮಿಷದ ದಾರಿ. ಆದರೆ ತ್ಯಾಗರಾಜನಗರದಿಂದ ಜಕ್ಕೂರು ತಲುಪಲು ಒಂದು ಗಂಟೆ, ತಪಾಸಣೆ ಮತ್ತು ಅನುಮತಿಗೆ ಇನ್ನೊಂದು ಗಂಟೆ, ಮಂಡಕಳ್ಳಿಯಲ್ಲಿ ವಿಮಾನ ಕಟ್ಟಿಹಾಕಿ ಊರೊಳಗೆ ಹೋಗಲು ಅರ್ಧ ಗಂಟೆ. ಒಟ್ಟು ಮೂರು ಗಂಟೆ ಮೀರುತ್ತದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರು ಅದಕ್ಕಿಂತ ಮೊದಲೇ ಮುಟ್ಟಿರುತ್ತದೆ. ಶಿವಮೊಗ್ಗ, ಕಲಬುರಗಿ, ಬೀದರ್‌ನಂಥ ದೂರದ ಊರುಗಳಿಗೆ ಲೆಕ್ಕ ವಿಮಾನದ ಕಡೆಗೆ ವಾಲುತ್ತದೆ. ಆದರೆ ಮಳೆಗಾಲದ ಮೋಡ ಅದನ್ನೂ ತಲೆಕೆಳಗು ಮಾಡಬಲ್ಲದು. ಸಮಯ ಉಳಿಸಲೆಂದು ಸಣ್ಣ ವಿಮಾನ ಕೊಳ್ಳುವವರು ನಿರಾಶರಾಗುವುದೇ ಹೆಚ್ಚು.

‘ಹೇಗಾದರೂ ಇಂದೇ ತಲುಪಬೇಕು’ ಎಂಬ ಹಟ ಇನ್ನೂ ಅಪಾಯಕಾರಿ. ಮೋಡ ಕವಿದಾಗ ಹೊರಡದಿರುವ, ಹೊರಟಿದ್ದರೆ ಹಿಂದಿರುಗುವ, ಹತ್ತಿರದ ತಾಣದಲ್ಲಿ ಇಳಿದು ಬಸ್ಸು ಹಿಡಿಯುವ ಮನಸ್ಸು ಒಡೆಯರಿಗಿರಬೇಕು.

ಕೊಳ್ಳದೆಯೂ ಹಾರಬಹುದು

ವರ್ಷಕ್ಕೆ ಹತ್ತಿಪ್ಪತ್ತು ಗಂಟೆ ಹಾರುವ ಆಸೆಯುಳ್ಳವರಿಗೆ ತರಬೇತಿ ಸಂಸ್ಥೆ ಅಥವಾ ಫ್ಲೈಯಿಂಗ್ ಕ್ಲಬ್ಬಿನ ವಿಮಾನವೇ ಉತ್ತಮ. ಗಂಟೆ ಲೆಕ್ಕದಲ್ಲಿ ಹಣ ತೆತ್ತರೆ ಉಳಿದ ಭಾರ ಸಂಸ್ಥೆಯದು. ಅದಕ್ಕಿಂತ ಹೆಚ್ಚು ಹಾರುವವರಿಗೆ ಪಾಲುದಾರಿಕೆಯ ಒಡೆತನ ಲೇಸು. ಖರ್ಚು, ಸರದಿ, ವಿಮೆ, ಪಾಲು ಮಾರುವ ಬಗೆ ಇವನ್ನೆಲ್ಲ ಮೊದಲೇ ಬರಹದಲ್ಲಿ ಇಳಿಸಿಕೊಂಡರೆ ಸ್ನೇಹವೂ ಉಳಿಯುತ್ತದೆ, ವಿಮಾನವೂ ಉಳಿಯುತ್ತದೆ.

ಸ್ವದೇಶಿ ವಿಮಾನಗಳ ಬಗೆಗೂ ನಿರೀಕ್ಷೆಯಿದೆ. ಎರಡು ಆಸನಗಳ ಹಂಸ-ಎನ್‌ಜಿಯಲ್ಲಿರುವುದು ಹಗುರವಾದ ರೋಟ್ಯಾಕ್ಸ್ 912 ಎಂಜಿನ್. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಪರೀಕ್ಷಾ ತಾಣದ ಮೇಲೆ 2022ರ ಮೇ ತಿಂಗಳಲ್ಲಿ, ಏಳೆಂಟು ಸಾವಿರ ಅಡಿ ಎತ್ತರದಲ್ಲಿ ಇದರ ಎಂಜಿನ್ನನ್ನು ಬೇಕೆಂದೇ ಆರಿಸಿ, ಪ್ರೊಪೆಲ್ಲರ್ ನಿಂತ ಬಳಿಕ ಮತ್ತೆ ಚಾಲೂ ಮಾಡಿ ನೋಡಲಾಯಿತು. ಒಂದೇ ಎಂಜಿನ್ನನ್ನು ನಂಬಿ ಹಾರುವವರಿಗೆ ಇದಕ್ಕಿಂತ ಮುಖ್ಯವಾದ ಪರೀಕ್ಷೆ ಬೇರಿಲ್ಲ.

ಇಷ್ಟೆಲ್ಲ ತಿಳಿದ ಮೇಲೂ ಹಾರುವ ಹಂಬಲ ಉಳಿದವರಿಗೆ ದಾರಿ ಮುಚ್ಚಿಲ್ಲ. ಆದರೆ ಅವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ವಿಮಾನದ ಬೆಲೆ ಎಷ್ಟು ಎಂಬುದಲ್ಲ. ವಾರಕ್ಕೊಮ್ಮೆ, ನಗರ ಏಳುವ ಮುನ್ನ ತ್ಯಾಗರಾಜನಗರದಿಂದ ಹೊರಟು, ಜಕ್ಕೂರಿನಲ್ಲಿ ಇಂಧನವನ್ನು ಬೆಳಕಿಗೆ ಹಿಡಿದು ನೋಡುವಷ್ಟು ಬಿಡುವು ಇದೆಯೇ? ಹವೆ ಸರಿಯಿಲ್ಲವೆಂದು ಅಷ್ಟೇ ದೂರ ಸುಮ್ಮನೆ ಮರಳಿ ಬರುವ ತಾಳ್ಮೆ ಇದೆಯೇ? ಎರಡಕ್ಕೂ ಹೌದು ಎನ್ನಬಲ್ಲವರಿಗೆ ಮಾತ್ರ ಸ್ವಂತ ವಿಮಾನ ಒಲಿಯುತ್ತದೆ.